ಊಟದ ಮೇಜು: ಒಂಬತ್ತು ತಟ್ಟೆ, ಮೂರು ಗಂಟೆ

ಕಳೆದ ತಿಂಗಳು ಟೇಸ್ಟಿಂಗ್ ಮೆನು ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಮೈಸೂರು, ಮಂಡ್ಯ ಕಡೆಯಿಂದ ಸಾಕಷ್ಟು ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸಬರಿಗೆ ಒಂದು ಮಾತು. ಟೇಸ್ಟಿಂಗ್ ಮೆನು ಕೊಡುವ ಕಡೆ ಕಾರ್ಡ್ ನೋಡಿ ಬೇಕಾದ್ದನ್ನು ತರಿಸಿಕೊಳ್ಳುವುದಿಲ್ಲ. ಏಳೋ, ಒಂಬತ್ತೋ, ಕೆಲವು ಕಡೆ ಹದಿಮೂರೋ ಐಟಂ (ಇದಕ್ಕೇ ಕೋರ್ಸು ಅನ್ನುವುದು) ಅಡುಗೆಮನೆಯವರೇ ಗೊತ್ತುಮಾಡಿರುತ್ತಾರೆ. ಒಂದಾದ ಮೇಲೆ ಒಂದರಂತೆ, ಸ್ವಲ್ಪ ಸ್ವಲ್ಪವೇ ಬರುತ್ತದೆ. ತಲೆಗೆ ಇಷ್ಟು ಅಂತ ಒಂದೇ ದರ. ನಾನು ಮೈಸೂರಿನ ಹೋಟೆಲ್‌ಗಳಲ್ಲಿ ತಟ್ಟೆ ಎತ್ತುವುದರಿಂದ ಶುರು ಮಾಡಿ, ಡೈನಿಂಗ್ ಹಾಲ್ ನೋಡಿಕೊಳ್ಳುವ ಕ್ಯಾಪ್ಟನ್ ಆಗಿ ನಿವೃತ್ತನಾದವನು. ಬಡಿಸುವವನು ನಿಂತ ಜಾಗದಿಂದ ಕಂಡದ್ದನ್ನು ಹೇಳುತ್ತೇನೆ.

ಪ್ರಶ್ನೆ: ನಮ್ಮ ಮದುವೆ ವಾರ್ಷಿಕೋತ್ಸವಕ್ಕೆ ಮಗಳು, ಅಳಿಯ ಬೆಂಗಳೂರಿನಲ್ಲಿ ಒಂಬತ್ತು ಕೋರ್ಸಿನ ಊಟ ಬುಕ್ ಮಾಡಿದ್ದಾರೆ. ಅದು ಶನಿವಾರ ಬಿದ್ದಿದೆ. ಶನಿವಾರ ನಾವು ಬಾಡು ಮುಟ್ಟುವುದಿಲ್ಲ. ನಮ್ಮ ಯಜಮಾನರಿಗೆ ಶುಗರ್ ಇದೆ, ಎಂಟು ಗಂಟೆಗೆ ಮಾತ್ರೆ ತಗೊಂಡು ಊಟ ಮಾಡುತ್ತಾರೆ. 'ಅಲ್ಲಿ ಚಮಚದಷ್ಟು ಚಮಚದಷ್ಟು ಇಟ್ಟು ಕಳಿಸ್ತಾರೆ, ಮನೆಯಿಂದ ಮುದ್ದೆ ತಿಂದೇ ಹೊರಡೋಣ' ಅಂತಿದ್ದಾರೆ. ನನಗೆ ಫೋರ್ಕು, ಚಾಕು ಹಿಡಿಯೋದೂ ಬರಲ್ಲ. ಹೋಗೋಣವೋ ಬೇಡವೋ ಅನ್ನಿಸಿಬಿಟ್ಟಿದೆ.
— ಗೃಹಿಣಿ, ಅಶೋಕನಗರ, ಮಂಡ್ಯ

ಉತ್ತರ: ಖಂಡಿತ ಹೋಗಿ ತಾಯಿ. ಮಕ್ಕಳು ಆಸೆಪಟ್ಟು ಕರೆದಿದ್ದಾರೆ. ನೀವು ಬರೆದಿರುವ ಒಂದೊಂದು ತೊಂದರೆಗೂ ದಾರಿ ಇದೆ, ಆದರೆ ಎಲ್ಲವನ್ನೂ ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ಈ ಊಟದಲ್ಲಿ ನಾನು ಕಂಡಿದ್ದು ಇದೇ: ಮಾತಾಡಿದವರಿಗೆ ಒಳ್ಳೆ ಊಟ ಸಿಗುತ್ತದೆ. ಸಂಕೋಚದಲ್ಲಿ ಸುಮ್ಮನೆ ಕೂತವರು ಅರೆಹೊಟ್ಟೆಯಲ್ಲಿ ಎದ್ದು ಹೋಗುತ್ತಾರೆ.

ಮೊದಲು ಶನಿವಾರದ ವಿಷಯ. ಇವತ್ತೇ ಮಗಳಿಗೆ ಫೋನ್ ಮಾಡಿ, 'ನಮ್ಮಿಬ್ಬರಿಗೆ ವೆಜ್' ಅಂತ ರೆಸ್ಟೋರೆಂಟಿಗೆ ತಿಳಿಸಲು ಹೇಳಿ. ಒಂದೇ ಟೇಬಲ್ಲಿನಲ್ಲಿ ಇಬ್ಬರಿಗೆ ವೆಜ್, ಇಬ್ಬರಿಗೆ ನಾನ್‌ವೆಜ್ ಕೊಡುವುದು ಅವರಿಗೆ ದಿನನಿತ್ಯದ ಕೆಲಸ. ಬುಕಿಂಗ್ ಮಾಡುವಾಗ ಅವರೇ ಕೇಳುತ್ತಾರೆ. ಅಲ್ಲಿ ಹೋಗಿ ಕೂತ ಮೇಲೆ ಹೇಳಿದರೆ ಮಾತ್ರ ಕಷ್ಟ. ಯಾಕೆಂದರೆ ಇಂಥ ಅಡುಗೆಮನೆಯಲ್ಲಿ ಸ್ಟಾಕು (ತರಕಾರಿಯೋ ಮೂಳೆಯೋ ಕುದಿಸಿ ತೆಗೆದ ರಸ), ಸಾಸು ಎಲ್ಲ ಬೆಳಿಗ್ಗೆಯೇ ಒಲೆ ಮೇಲೆ ಇರುತ್ತದೆ. ಕೆಲವನ್ನು ಹಿಂದಿನ ದಿನವೇ ಮಾಡಿಟ್ಟಿರುತ್ತಾರೆ. ರಾತ್ರಿ ಎಂಟಕ್ಕೆ 'ಈರುಳ್ಳಿ ಬೆಳ್ಳುಳ್ಳಿ ಬೇಡ' ಅಂದರೆ ಬೇಯಿಸಿಟ್ಟ ಸ್ಟಾಕಿನಿಂದ ಅದನ್ನು ತೆಗೆಯುವುದು ಹೇಗೆ? ಆಗ ಮೇಲಿನ ಸಾಸು ಬಿಟ್ಟು ಬರೀ ತರಕಾರಿ ಕಳಿಸುತ್ತಾರೆ. ನಿಮಗೆ ಸಪ್ಪೆ, ಅವರಿಗೆ ಬೇಜಾರು.

'ವೆಜ್' ಅಂತ ಒಂದೇ ಪದ ಹೇಳಿ ಫೋನ್ ಇಡಬೇಡಿ. ಮೊಟ್ಟೆ ಸೇರುತ್ತೋ ಇಲ್ಲವೋ ಬಿಡಿಸಿ ಹೇಳಿ. ಕಡೆಗೆ ಬರುವ ಸಿಹಿಗಳಲ್ಲಿ ಮೊಟ್ಟೆ ಸಾಮಾನ್ಯ. ಜೆಲ್ಲಿಯಂತೆ ನಡುಗುವ ಸಿಹಿಯಲ್ಲಿ ಜೆಲಾಟಿನ್ ಇರಬಹುದು, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ಅದರ ಬದಲು ಕಡಲಪಾಚಿಯ ಅಗರ್ ಹಾಕಿ ಮಾಡಲು ಬರುತ್ತದೆ, ಕೇಳಿದರೆ ಮಾಡುತ್ತಾರೆ. ಪಾರ್ಮೆಸಾನ್ ಅನ್ನುವ ಇಟಲಿಯ ಚೀಸಿನಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುವುದು ಪದ್ಧತಿ. ಶನಿವಾರ ವ್ರತದಂತೆ ಪಾಲಿಸುವವರಿಗೆ ಇದೆಲ್ಲ ಮುಖ್ಯ ಅಲ್ವಾ? ಹೇಳಿಕೊಳ್ಳಲು ನಾಚಿಕೆ ಬೇಡ. ಕಡಲೆಕಾಯಿ, ಗೋಡಂಬಿ, ಸೀಗಡಿ ಯಾರಿಗಾದರೂ ಆಗಿಬರದಿದ್ದರೆ ಅದನ್ನೂ ಆಗಲೇ ಹೇಳಿ.

ಇನ್ನು ನಿಮ್ಮ ಯಜಮಾನರ ಮಾತ್ರೆ. ಇದನ್ನು ಹಗುರವಾಗಿ ತಗೋಬೇಡಿ. ಎಂಟಕ್ಕೆ ಕೂತರೂ ಮೊದಲ ಎರಡು ಮೂರು ತಟ್ಟೆಯಲ್ಲಿ ಬರುವುದು ಒಂದೊಂದು ತುತ್ತು. ಹೊಟ್ಟೆಗೆ ಆಧಾರ ಅನ್ನಿಸುವ ಅನ್ನವೋ ಬ್ರೆಡ್ಡೋ ಬರುವ ಹೊತ್ತಿಗೆ ಒಂಬತ್ತೂವರೆ ಆದರೂ ಆಶ್ಚರ್ಯವಿಲ್ಲ. ಕೆಲವು ಶುಗರ್ ಮಾತ್ರೆ ತಗೊಂಡು ಊಟ ತಡವಾದರೆ ಶುಗರ್ ತೀರಾ ಇಳಿದುಬಿಡುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ನಿಮ್ಮ ಡಾಕ್ಟರಿಗೆ 'ಊಟ ಮೂರು ಗಂಟೆ ಹಿಡಿಯುತ್ತೆ, ಗಟ್ಟಿ ಊಟ ಕೊನೆಗೆ ಬರುತ್ತೆ, ಮಾತ್ರೆ ಯಾವಾಗ ತಗೊಳ್ಳಲಿ?' ಅಂತ ಕೇಳಿ. ಅವರು ಹೇಳಿದ ಹಾಗೆ ಮಾಡಿ. ರೆಸ್ಟೋರೆಂಟಿಗೂ ತಿಳಿಸಿ, ಬ್ರೆಡ್ಡನ್ನು ಮೊದಲೇ ತಂದುಕೊಡುತ್ತಾರೆ. ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಇರಲಿ.

ಹೊಟ್ಟೆ ತುಂಬುತ್ತಾ ಅಂದರೆ, ತುಂಬುತ್ತದೆ. ತಟ್ಟೆ ದೊಡ್ಡದು, ಅದರ ಮಧ್ಯೆ ಇಷ್ಟೇ ಇಷ್ಟು ಊಟ ನೋಡಿದಾಗ ಮೊದಲು ಗಾಬರಿಯಾಗುವುದು ಸಹಜ. ಆದರೆ ಒಂಬತ್ತು ಸಲ ಬರುತ್ತದೆ, ನಡುವೆ ಬ್ರೆಡ್ಡು ಬೆಣ್ಣೆ ಬೇರೆ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಇಪ್ಪತ್ತು ನಿಮಿಷವಾದರೂ ಬೇಕು ಅನ್ನುತ್ತಾರೆ. ನಾವು ಮನೆಯಲ್ಲಿ ಹತ್ತೇ ನಿಮಿಷದಲ್ಲಿ ಉಂಡು ಏಳುವವರು, ಆ ಸುದ್ದಿಗೆ ಕಾಯುವುದೇ ಇಲ್ಲ. ಅಲ್ಲಿ ಮೂರು ಗಂಟೆ ಕೂತಿರುತ್ತೀರಿ. ಮುದ್ದೆ ತಿಂದು ಹೋದರೆ ಐದನೇ ತಟ್ಟೆಗೇ ಸಾಕಾಗಿಬಿಡುತ್ತದೆ, ಕೊಟ್ಟ ದುಡ್ಡು ದಂಡ. ಮಧ್ಯಾಹ್ನ ಹಗುರವಾಗಿ ಉಂಡು, ಸಂಜೆ ಏನೂ ಕುರುಕದೆ ಹೋಗಿ. ಆಮೇಲೂ ಹಸಿವು ಅನ್ನಿಸಿದರೆ 'ಇನ್ನೊಂದು ಸ್ವಲ್ಪ ಬ್ರೆಡ್ ಕೊಡ್ತೀರಾ?' ಅಂತ ಕೇಳಿ. ಕೇಳಿದವರನ್ನು ನಾವು ಯಾವತ್ತೂ ಕೀಳಾಗಿ ಕಂಡಿಲ್ಲ. ಉಣ್ಣಿಸುವುದೇ ನಮ್ಮ ಕಸುಬು.

ಫೋರ್ಕು ಚಾಕುವಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ತಟ್ಟೆಯ ಎರಡೂ ಪಕ್ಕ ಸಾಲಾಗಿ ಇಟ್ಟಿದ್ದರೆ ಹೊರಗಡೆಯದನ್ನು ಮೊದಲು ತಗೊಳ್ಳಿ, ತಟ್ಟೆ ಬದಲಾದಂತೆ ಒಳಗೆ ಬನ್ನಿ. ಈಗ ಬಹಳ ಕಡೆ ಪ್ರತಿ ತಟ್ಟೆಗೂ ಬೇಕಾದ್ದನ್ನಷ್ಟೇ ತಂದಿಡುತ್ತಾರೆ, ಗೊಂದಲವೇ ಇಲ್ಲ. ಮುಗಿದ ಮೇಲೆ ಎರಡನ್ನೂ ಜೋಡಿಸಿ ತಟ್ಟೆಯ ಮೇಲೆ ಇಡಿ. ಅದನ್ನು ನೋಡಿಯೇ ನಾವು ತಟ್ಟೆ ಎತ್ತುವುದು. ಬಿಡಿಬಿಡಿಯಾಗಿ ಇಟ್ಟರೆ ಇನ್ನೂ ಉಣ್ಣುತ್ತಿದ್ದೀರಿ ಅಂದುಕೊಂಡು ದೂರ ನಿಲ್ಲುತ್ತೇವೆ. ಕೈಯಲ್ಲಿ ತಿನ್ನಬೇಕು ಅನ್ನಿಸಿದರೆ ಕೈಯಲ್ಲೇ ತಿನ್ನಿ. ಕೈಯಲ್ಲೇ ತಿನ್ನಲಿ ಅಂತ ಮಾಡಿದ ಐಟಂ ಕೂಡ ಒಂದೆರಡು ಇದ್ದೇ ಇರುತ್ತವೆ.

ಇನ್ನೊಂದು ಮಾತು, ಇದು ಯಾರೂ ಹೇಳುವುದಿಲ್ಲ. ಬಾತ್‌ರೂಮಿಗೆ ಏಳುವ ಮುಂಚೆ ಬಡಿಸುವ ಹುಡುಗನಿಗೆ ಒಂದು ಮಾತು ಹೇಳಿ. ಒಂದು ಟೇಬಲ್ಲಿನ ಎಲ್ಲ ತಟ್ಟೆಯೂ ಒಟ್ಟಿಗೇ ಬಂದು ಕೂರಬೇಕು ಅನ್ನುವುದು ಅಲ್ಲಿನ ನಿಯಮ. ಹಿಂದಿನ ತಟ್ಟೆ ಎತ್ತಿದ ಕೂಡಲೇ ಒಳಗೆ 'ಫೈರ್' ಅಂತ ಕೂಗುತ್ತಾರೆ, ಮುಂದಿನದು ಒಲೆಗೆ ಬೀಳುತ್ತದೆ. ಆಗ ನೀವು ಎದ್ದು ಹೋದರೆ ಬಿಸಿ ಐಟಂ ಕೌಂಟರ್ ಮೇಲೆ ಆರುತ್ತಾ ಕೂರುತ್ತದೆ, ಇಲ್ಲವೇ ಅದನ್ನು ಬಿಸಾಕಿ ಮತ್ತೆ ಮಾಡುತ್ತಾರೆ. 'ಐದು ನಿಮಿಷ ಬರ್ತೀನಪ್ಪ' ಅಂದರೆ ಸಾಕು, ಅವರು ತಡೆದುಕೊಳ್ಳುತ್ತಾರೆ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ ಅಂತ ಹೇಳುವುದೂ ಇದಕ್ಕೇ. ಬೆಂಗಳೂರಿನ ಟ್ರಾಫಿಕ್ಕು ಗೊತ್ತಲ್ಲ, ಮಂಡ್ಯದಿಂದ ಹೊರಡಬೇಕಾದ ಹೊತ್ತಿಗಿಂತ ಒಂದು ಗಂಟೆ ಮುಂಚೆಯೇ ಹೊರಡಿ.

ಪ್ರಶ್ನೆ: ಬಿಲ್ಲಿನಲ್ಲಿ ಶೇ 10 ಸರ್ವಿಸ್ ಚಾರ್ಜ್ ಹಾಕಿದ್ದರು. ಕೇಳಿದರೆ 'ಕಂಪಲ್ಸರಿ ಸಾರ್' ಅಂದರು. ಮನೆಯವರ ಎದುರು ಜಗಳ ಬೇಡ ಅಂತ ಕೊಟ್ಟು ಬಂದೆ. ಇದು ಸರಿಯಾ? ಜಿಎಸ್‌ಟಿ ಕೂಡ ಒಂದು ಕಡೆ 5, ಒಂದು ಕಡೆ 18 ಇರುತ್ತಲ್ಲ, ಯಾಕೆ?
— ವಿಜಯನಗರ ಎರಡನೇ ಹಂತ, ಮೈಸೂರು

ಉತ್ತರ: ಸರಿಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿಟ್ಟೂ ವಸೂಲಿ ಮಾಡಬಾರದು, ಕೊಡಲ್ಲ ಅಂದವರನ್ನು ಒಳಗೆ ಬಿಡದೆ ಇರಬಾರದು ಅಂತ ಅದರಲ್ಲಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಮುಂದಿನ ಸಲ ಇದೇ ಆದರೆ, ದನಿ ಏರಿಸದೆ 'ಇದನ್ನ ತೆಗೆದು ಬಿಲ್ ಕೊಡಿ' ಅನ್ನಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಜಿಎಸ್‌ಟಿ ವಿಷಯ ಬೇರೆ, ಅದನ್ನು ಕೊಡಲೇಬೇಕು. ಬೀದಿಯಲ್ಲಿ ತನ್ನಷ್ಟಕ್ಕೆ ಇರುವ ರೆಸ್ಟೋರೆಂಟಿಗೆ ಶೇ 5. ದಿನದ ರೂಮು ಬಾಡಿಗೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲಿನ ಒಳಗಿನ ರೆಸ್ಟೋರೆಂಟಿಗೆ ಶೇ 18. ದೊಡ್ಡ ಊಟಕ್ಕೆ ಇದರ ಭಾರ ಗೊತ್ತಾಗುತ್ತದೆ. ಇಬ್ಬರಿಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ, ಒಂದು ಕಡೆ ತೆರಿಗೆ 500, ಇನ್ನೊಂದು ಕಡೆ 1,800. ದರದ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ತೆರಿಗೆ ಮತ್ತು ಸರ್ವಿಸ್ ಚಾರ್ಜ್ ಬೇರೆ ಹಾಕುತ್ತಾರೆ ಅಂತ ಅರ್ಥ. ಆಗಲೂ ಸರ್ವಿಸ್ ಚಾರ್ಜನ್ನು ತೆಗೆಯಲು ಹೇಳಬಹುದು. ಬುಕ್ ಮಾಡುವಾಗಲೇ 'ಎಲ್ಲ ಸೇರಿ ತಲೆಗೆ ಎಷ್ಟಾಗುತ್ತೆ?' ಅಂತ ಕೇಳಿ. ಬರಲಾಗದಿದ್ದರೆ ಮುಂಗಡ ವಾಪಸ್ ಸಿಗುತ್ತಾ, ಎಷ್ಟು ಗಂಟೆ ಮುಂಚೆ ತಿಳಿಸಬೇಕು ಅನ್ನುವುದನ್ನೂ ಆಗಲೇ ಕೇಳಿ.

ಬಡಿಸಿದವರ ಪರವಾಗಿ ನನ್ನದೊಂದು ಬೇಡಿಕೆ. ಊಟ ಮನಸ್ಸಿಗೆ ಬಂದಿದ್ದರೆ ಟಿಪ್ಸನ್ನು ನಗದಾಗಿ ಕೊಡಿ. ಪಾತ್ರೆ ತೊಳೆಯುವವರಿಗೂ ಪಾಲು ಹೋಗುತ್ತಾ ಅಂತ ಒಂದು ಮಾತು ಕೇಳಿ. ಮಾಮೂಲಿ ಹೋಟೆಲಿನಲ್ಲಿ ಒಬ್ಬರಿಗೆ ಎರಡು ಮೂರು ತಟ್ಟೆ ತೊಳೆದರೆ ಆಯಿತು. ಇಲ್ಲಿ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ತಟ್ಟೆ, ಮೇಲೆ ಗ್ಲಾಸು. ರಾತ್ರಿ ಹನ್ನೊಂದೂವರೆಗೂ ಅವರ ಕೈ ನೀರಿನಲ್ಲೇ ಇರುತ್ತದೆ.

ಪ್ರಶ್ನೆ: ಈ ಟೇಸ್ಟಿಂಗ್ ಮೆನು ಪದ್ಧತಿ ಎಲ್ಲಿಂದ ಬಂತು ಸಾರ್? ನಮ್ಮ ದೇಶದಲ್ಲಿ ಎಲ್ಲೆಲ್ಲಿ ಇದೆ?
— ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಉತ್ತರ: ಫ್ರಾನ್ಸಿನಲ್ಲಿ ಮೊದಲು ಎಲ್ಲವನ್ನೂ ಮೇಜಿನ ತುಂಬ ಒಟ್ಟಿಗೇ ಹರಡುತ್ತಿದ್ದರು. ಒಂದಾದ ಮೇಲೆ ಒಂದು ತಂದು ಬಡಿಸುವ ಕ್ರಮ 19ನೇ ಶತಮಾನದಲ್ಲಿ ರಷ್ಯಾ ಕಡೆಯಿಂದ ಅಲ್ಲಿಗೆ ಬಂತು. ಆಮೇಲೆ 1970ರ ದಶಕದಲ್ಲಿ ಭಾರಿ ಸಾಸು, ದೊಡ್ಡ ದೊಡ್ಡ ಪಾಲು ಬಿಟ್ಟು, ಹಗುರವಾದ ಅಡುಗೆಯ ಕಡೆ ಅಲ್ಲಿನ ಬಾಣಸಿಗರು ತಿರುಗಿದರು. ಜಪಾನಿನ ಕೈಸೆಕಿ ಊಟದ ಪ್ರಭಾವವೂ ಅವರ ಮೇಲಿತ್ತು. ಆಯಾ ಋತುವಿನ ಪದಾರ್ಥವನ್ನು ಪುಟ್ಟ ಪುಟ್ಟ ಬಟ್ಟಲಲ್ಲಿ ಸರದಿಯಂತೆ ಕೊಡುವ ಊಟ ಅದು. ಸ್ಪೇನಿನ ಎಲ್ ಬುಲ್ಲಿ ಅನ್ನುವ ರೆಸ್ಟೋರೆಂಟ್ ಮೂವತ್ತಕ್ಕೂ ಹೆಚ್ಚು ಐಟಂ ಕೊಟ್ಟು ಪ್ರಪಂಚದ ಕಣ್ಣು ಸೆಳೆಯಿತು. ಅದು 2011ರಲ್ಲಿ ಮುಚ್ಚಿತು.

ನಮ್ಮಲ್ಲಿ ದೆಹಲಿಯ ಇಂಡಿಯನ್ ಆಕ್ಸೆಂಟ್ 2009ರಲ್ಲಿ ಶುರುವಾಯಿತು, ಮುಂಬೈನ ಮಾಸ್ಕ್ 2016ರಲ್ಲಿ. ನಮಗೆ ಹತ್ತಿರ ಅನ್ನಿಸುವುದು ಚೆನ್ನೈನ ಐಟಿಸಿ ಗ್ರ್ಯಾಂಡ್ ಚೋಳ ಹೋಟೆಲಿನ ಒಳಗಿರುವ ಆವರ್ತನ, 2017ರದ್ದು. ದಕ್ಷಿಣದ ಅಡುಗೆಯನ್ನೇ ಅವರು ಕೋರ್ಸುಗಳಾಗಿ ಕೊಡುತ್ತಾರೆ. ಟೊಮೆಟೊ ಸಾರನ್ನು ತಿಳಿಯಾಗಿ ಸೋಸಿ, ಕಾಫಿ ಒತ್ತುವ ಗಾಜಿನ ಪಾತ್ರೆಯಲ್ಲಿ ಕೊತ್ತಂಬರಿ ಸೊಪ್ಪಿನ ಘಮ ಹಿಡಿಸಿ, ನಿಮ್ಮ ಎದುರೇ ಗ್ಲಾಸಿಗೆ ಬಗ್ಗಿಸುತ್ತಾರೆ. ಬೆಂಗಳೂರಿನಲ್ಲಿ ತೋಟದ ನಡುವೆ ಇರುವ ಫಾರ್ಮ್‌ಲೋರ್ ಇದೆ. ದುಬೈನಲ್ಲಿರುವ ಟ್ರೆಸಿಂಡ್ ಸ್ಟುಡಿಯೋಗೆ 2025ರಲ್ಲಿ ಮಿಶೆಲಿನ್‌ನ ಮೂರು ನಕ್ಷತ್ರ ಬಂತು. ಫ್ರಾನ್ಸಿನ ಮಿಶೆಲಿನ್ ಗೈಡ್ ರೆಸ್ಟೋರೆಂಟುಗಳಿಗೆ ಕೊಡುವ ಅತಿ ದೊಡ್ಡ ಗೌರವ ಅದು. ಭಾರತೀಯ ಅಡುಗೆಯ ರೆಸ್ಟೋರೆಂಟ್ ಒಂದಕ್ಕೆ ಅಷ್ಟು ಸಿಕ್ಕಿದ್ದು ಅದೇ ಮೊದಲು. ಆ ಸುದ್ದಿ ಓದಿದ ದಿನ ನನಗೆ ತುಂಬ ಖುಷಿಯಾಗಿತ್ತು.

ಪ್ರಶ್ನೆ: ಮನೆಯಲ್ಲೇ ತಿಂಗಳಿಗೊಮ್ಮೆ ಹನ್ನೆರಡು ಜನಕ್ಕೆ ಹಳೇ ಮೈಸೂರು ಅಡುಗೆಯ ಏಳು ಕೋರ್ಸ್ ಊಟ ಹಾಕಬೇಕು ಅಂತ ಆಸೆ. ನನ್ನ ಪಟ್ಟಿ: ಕೋಸಂಬರಿ, ಬೀನ್ಸ್ ಪಲ್ಯ, ಮಜ್ಜಿಗೆ ಹುಳಿ, ವಾಂಗಿಬಾತ್, ಬದನೆಕಾಯಿ ಗೊಜ್ಜು, ಮೊಸರನ್ನ, ಒಬ್ಬಟ್ಟು. ನಿಮ್ಮ ಅಭಿಪ್ರಾಯ ಹೇಳಿ.
— ಗೋಕುಲಂ, ಮೈಸೂರು

ಉತ್ತರ: ಆಸೆ ತುಂಬ ಚೆನ್ನಾಗಿದೆ, ಬಿಡಬೇಡಿ. ಪಟ್ಟಿ ಮಾತ್ರ ಬದಲಾಗಬೇಕು.

ಕೋಸಂಬರಿಗೆ ಕಾಯಿತುರಿ, ಪಲ್ಯಕ್ಕೆ ಕಾಯಿತುರಿ, ಮಜ್ಜಿಗೆ ಹುಳಿಗೆ ರುಬ್ಬಿದ ಕಾಯಿ, ವಾಂಗಿಬಾತಿಗೆ ಕೊಬ್ಬರಿ. ಬದನೆಕಾಯಿ ಎರಡು ಸಲ ಬಂದಿದೆ. ಇವೆಲ್ಲ ಒಂದೇ ಎಲೆಯಲ್ಲಿ ಬಂದಾಗ ಯಾರೂ ಗಮನಿಸುವುದಿಲ್ಲ. ಬಿಡಿಸಿ, ಒಂದೊಂದೇ ಎದುರಿಗಿಟ್ಟಾಗ ಗೊತ್ತಾಗಿಬಿಡುತ್ತದೆ. ನಾಲಿಗೆಗೆ ಒಂದೇ ರುಚಿ ಮತ್ತೆ ಮತ್ತೆ ಸಿಕ್ಕರೆ ಮೂರ್ನಾಲ್ಕು ತುತ್ತಿಗೆ ಸಪ್ಪೆಯಾಗುತ್ತದೆ. ಈ ಊಟದಲ್ಲಿ ಪಾಲು ಚಿಕ್ಕದಾಗಿರುವುದೇ ಅದಕ್ಕೆ. ಸಾಕು ಅನ್ನಿಸುವ ಮುಂಚೆಯೇ ತಟ್ಟೆ ಖಾಲಿಯಾಗಬೇಕು, ಮುಂದೆ ಬರುವುದು ಬೇರೆಯೇ ಇರಬೇಕು.

ಇನ್ನೊಂದು ಕಷ್ಟ ಇದೆ. ನಮ್ಮ ಎಲೆ ಊಟದಲ್ಲೂ ಸರದಿ ಇದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ತೊವ್ವೆ ತುಪ್ಪ, ಸಾರು, ಹುಳಿ, ಕೊನೆಗೆ ಮಜ್ಜಿಗೆ. ಆದರೆ ಅಲ್ಲಿ ಉಣ್ಣುವವನ ಕೈಗೆ ಸ್ವಾತಂತ್ರ್ಯ ಇದೆ. ಹುಳಿ ಅನ್ನದ ನಡುವೆ ಹಪ್ಪಳ ಮುರಿದುಕೊಳ್ಳುತ್ತಾನೆ, ಖಾರ ಆದರೆ ಕೋಸಂಬರಿಗೆ ಕೈ ಹಾಕುತ್ತಾನೆ. ಅದೆಲ್ಲ ತಪ್ಪಿಸಿ ಗೊಜ್ಜನ್ನು ಒಂದೇ ಬಟ್ಟಲಲ್ಲಿ ಕೊಟ್ಟರೆ ಅದು ಒಂಟಿ. ಅನ್ನ ಇಲ್ಲದ ಹುಳಿಗೆ ಅರ್ಥವೇ ಇಲ್ಲ. ಆದ್ದರಿಂದ ತನ್ನಷ್ಟಕ್ಕೆ ನಿಲ್ಲುವ ಅಡುಗೆ ಆರಿಸಿ, ಜೊತೆ ಬೇಕಾದ್ದಕ್ಕೆ ಜೊತೆ ಕೊಡಿ.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲಿಗೆ ಹುರುಳಿಕಟ್ಟಿನ ಸಾರು, ಪುಟ್ಟ ಲೋಟದಲ್ಲಿ ಅರ್ಧ, ಕುಡಿಯುವಷ್ಟು ಬಿಸಿ, ಬೆಳ್ಳುಳ್ಳಿ ಒಗ್ಗರಣೆ. ಹಸಿವು ಕೆರಳುತ್ತದೆ. ಎರಡನೆಯದು ಹೆಸರುಬೇಳೆ ಸೌತೆಕಾಯಿ ಕೋಸಂಬರಿ. ಉಪ್ಪನ್ನು ತಟ್ಟೆಗೆ ಹಾಕುವ ಮುಂಚೆಯಷ್ಟೇ ಬೆರೆಸಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ. ಮೂರನೆಯದು ಮದ್ದೂರು ವಡೆ, ಎರಡು ತುತ್ತಿನಷ್ಟು ಚಿಕ್ಕದು, ಬಾಣಲೆಯಿಂದ ನೇರ. ಚಟ್ನಿ ಬೇಡ. ರವೆ, ಈರುಳ್ಳಿ ಬೆಂದ ಗರಿಗರಿಯೇ ಸಾಕು.

ನಾಲ್ಕನೆಯದಕ್ಕೆ ಬಸ್ಸಾರು ಇಡಿ. ಊಟದ ನಡುಮಧ್ಯ ಬರಬೇಕಾದ್ದು ಅದೇ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಿಂದ ಸಾರು, ಉಳಿದ ಸೊಪ್ಪುಕಾಳಿನಿಂದ ಪಲ್ಯ. ಒಂದೇ ಪಾತ್ರೆಯಿಂದ ಹುಟ್ಟಿದ ಎರಡು ರುಚಿ ಒಂದೇ ತಟ್ಟೆಗೆ ಬರುತ್ತವೆ. ಜೊತೆಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ. ಇಲ್ಲಿ ತುಂಬ ಎಚ್ಚರ ಬೇಕು. ಅಷ್ಟು ಚಿಕ್ಕ ಮುದ್ದೆ ಬೇಗ ಆರುತ್ತದೆ, ಮೇಲ್ಮೈ ಒಣಗಿ ಗಂಟಲಿಗೆ ಹಿಡಿಯುತ್ತದೆ. ತೊಳಸಿದ ಹಿಟ್ಟನ್ನು ಮುಚ್ಚಿ ಸಣ್ಣ ಉರಿಯಲ್ಲಿಡಿ. ಹನ್ನೆರಡು ತಟ್ಟೆಯನ್ನೂ ಬಿಸಿನೀರಿನಲ್ಲಿ ಅದ್ದಿ ಒರೆಸಿ ಸಾಲಾಗಿ ಇಡಿ. ಪಲ್ಯ ಮೊದಲು ಬಡಿಸಿಬಿಡಿ. ಆಮೇಲೆ ಇಬ್ಬರು ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟುತ್ತಾ ಹೋಗಲಿ, ಮೂರನೆಯವರು ಹಿಂದೆಯೇ ಸಾರು ಬಿಡುತ್ತಾ ಬರಲಿ. ಮೊದಲ ಮುದ್ದೆ ಕಟ್ಟಿದ ಎರಡು ನಿಮಿಷಕ್ಕೆ ತಟ್ಟೆ ಹೊರಗೆ ಹೋಗಬೇಕು. ಮುದ್ದೆ ಕೆಸರಿನಂತೆ ಮೆತ್ತಗೂ ಇರಬಾರದು, ಬೆರಳಿಗೆ ಅಂಟಲೂಬಾರದು. ಹೊರಗಿನವರು ಬಂದಿದ್ದರೆ ಅಗಿಯದೆ ನುಂಗಬೇಕು ಅಂತ ಹೇಳಿಕೊಡಿ.

ಅದಾದ ಮೇಲೆ ಬಾಯಿ ತಿಳಿ ಮಾಡಲು ಎರಡು ಗುಟುಕು ಪಾನಕ. ಫ್ರೆಂಚರು ಇದೇ ಜಾಗದಲ್ಲಿ ಹುಳಿಹಣ್ಣಿನ ಐಸ್ ಕೊಡುತ್ತಾರೆ. ನಮಗೆ ಮಂಡ್ಯದ ಬೆಲ್ಲ, ನಿಂಬೆರಸ, ಶುಂಠಿ, ಏಲಕ್ಕಿ ಇದೆಯಲ್ಲ. ಆರನೆಯದು ಈರನಗೆರೆ ಬದನೆಯ ವಾಂಗಿಬಾತ್, ಪಕ್ಕದಲ್ಲಿ ಒಂದು ಚಮಚ ಮೊಸರನ್ನ. ಬದನೆಕಾಯನ್ನು ದೇವರಾಜ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆಯೇ ಹೋಗಿ ಆರಿಸಿ, ಎಳೆಯದು ಬೇಕು. ಕೊನೆಗೆ ಒಬ್ಬಟ್ಟಿನ ಬದಲು ಬೆಚ್ಚಗಿನ ಮೈಸೂರು ಪಾಕ್ ಒಂದು ತುಂಡು, ನಂಜನಗೂಡು ರಸಬಾಳೆ ಸಿಕ್ಕರೆ ಎರಡು ಹೋಳು. ವೀಳ್ಯದೆಲೆ, ಅಡಿಕೆ ಇರಲೇಬೇಕು. ನಮ್ಮೂರ ಎಲೆಗೆ ಜಿಐ ಗುರುತೇ ಇದೆ, ಅಂದರೆ ಈ ಊರಿನದೇ ಅನ್ನುವ ಸರ್ಕಾರಿ ಮಾನ್ಯತೆ.

ದುಡ್ಡು ತಗೊಂಡು ಊಟ ಹಾಕುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ) ನೋಂದಣಿ ಮಾಡಿಸಿಯೇ ಶುರು ಮಾಡಿ. ಮೊದಲ ಊಟ ಮನೆಯವರಿಗೇ ಹಾಕಿ, ಗಡಿಯಾರ ಹಿಡಿದು ನೋಡಿ. ಏಳು ತಟ್ಟೆಗೆ ಎರಡು ಗಂಟೆ ಮೀರಿದರೆ ಜನ ಸೋಲುತ್ತಾರೆ.

ಪ್ರಶ್ನೆ: ಒಂದು ಊಟಕ್ಕೆ ಸಾವಿರಾರು ರೂಪಾಯಿ ಸುರಿಯುವುದು ಅನ್ಯಾಯ ಅನ್ನಿಸಲ್ವಾ? ನಮ್ಮ ಮೆಸ್ಸಿನಲ್ಲಿ ನೂರು ರೂಪಾಯಿಗೆ ಹೊಟ್ಟೆ ತುಂಬುತ್ತೆ.
— ನಿವೃತ್ತ ಶಿಕ್ಷಕ, ಶ್ರೀರಂಗಪಟ್ಟಣ

ಉತ್ತರ: ಮೇಷ್ಟ್ರೇ, ಮೆಸ್ಸಿನ ಊಟದ ಮೇಲೆ ನನಗೂ ನಿಮ್ಮಷ್ಟೇ ಗೌರವ ಇದೆ. ಸಾಲ ಮಾಡಿ ಇಂಥ ಊಟಕ್ಕೆ ಹೋಗಿ ಅಂತ ಯಾರಿಗೂ ಹೇಳುವುದಿಲ್ಲ. ಆದರೆ ಆ ದುಡ್ಡು ಎಲ್ಲಿ ಹೋಗುತ್ತದೆ ಅನ್ನುವುದನ್ನೂ ನೋಡಬೇಕು. ಮೂವತ್ತು ಜನ ಕೂರುವ ಹಾಲಿಗೆ ಹದಿನೈದು ಇಪ್ಪತ್ತು ಜನ ದುಡಿಯುತ್ತಾರೆ. ಒಂದು ಟೇಬಲ್ಲಿಗೆ ರಾತ್ರಿಗೆ ಒಂದೇ ಪಾರ್ಟಿ. ಹತ್ತಿರದ ರೈತನಿಂದ ಒಳ್ಳೆ ಮಾಲು ತಗೊಂಡು ಒಳ್ಳೆ ಬೆಲೆ ಕೊಡುವ ಮಾಲೀಕರೂ ಇದ್ದಾರೆ. ಬನ್ನೂರು ಕುರಿಗೆ, ನಾಟಿ ರಾಗಿಗೆ, ನಮ್ಮ ಬೆಲ್ಲಕ್ಕೆ ಅಂಥ ಮೇಜಿನ ಮೇಲೆ ಜಾಗ ಸಿಕ್ಕರೆ ಬೆಳೆದವನಿಗೂ ನಾಲ್ಕು ಕಾಸು ಬರುತ್ತದೆ. ಯಾವ ರೈತನ ಹೆಸರೂ ಹೇಳದೆ, ಹೊರದೇಶದ ಸಾಮಾನು ತೋರಿಸಿ ದರ ಏರಿಸುವ ಜಾಗವಾದರೆ ನಿಮ್ಮ ಮಾತೇ ಸರಿ.

ಪ್ರಶ್ನೆ: ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮುಗಿಸಿದ್ದೇನೆ. ಬೆಂಗಳೂರಿನಲ್ಲಿ ಟೇಸ್ಟಿಂಗ್ ಮೆನು ಕೊಡುವ ಕಡೆ ಸ್ಟೀವರ್ಡ್ ಕೆಲಸ ಸಿಕ್ಕಿದೆ. ತಟ್ಟೆ ಇಟ್ಟು ಅದರ ಬಗ್ಗೆ ಇಂಗ್ಲಿಷಿನಲ್ಲಿ ಹೇಳಬೇಕು. ನಾಲಿಗೆಯೇ ಹೊರಳಲ್ಲ. ನಮ್ಮಪ್ಪ ಕಬ್ಬು ಬೆಳೆಯುವವರು, ಅಂಥ ಜನರ ಎದುರು ನಿಲ್ಲಲು ಹೆದರಿಕೆ.
— ಪಾಂಡವಪುರ ತಾಲ್ಲೂಕಿನ ಒಬ್ಬ ಓದುಗ

ಉತ್ತರ: ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಹೆದರಬೇಡ.

ಕಬ್ಬು ಯಾವಾಗ ಕಡಿದರೆ ರಸ ಸಿಹಿ, ಬೆಲ್ಲದ ಪಾಕ ಯಾವ ಹದಕ್ಕೆ ಇಳಿಸಬೇಕು, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತರೆ ವಾಸನೆ ಹೇಗಿರುತ್ತದೆ, ಇದೆಲ್ಲ ನಿನಗೆ ಗೊತ್ತು. ಬೆಲ್ಲದ ಐಸ್‌ಕ್ರೀಮ್ ತಿನ್ನಲು ಬಂದವರಿಗೆ ಗೊತ್ತಿಲ್ಲ. ಅವರು ಕೇಳಲು ಬಂದಿರುವುದು ಅದನ್ನೇ.

ಸರ್ವಿಸ್ ಶುರುವಾಗುವ ಮುಂಚೆ ಬ್ರೀಫಿಂಗ್ ಇರುತ್ತದೆ. ಆಗ ಪ್ರತಿ ಐಟಂ ರುಚಿ ನೋಡು. ರುಚಿ ನೋಡದ ಐಟಂ ಬಗ್ಗೆ ಮಾತಾಡಲು ಹೋಗಬೇಡ. ಶೆಫ್ ಹತ್ತಿರ ಮೂರು ವಿಷಯ ಕೇಳಿ ಚೀಟಿಯಲ್ಲಿ ಬರೆದುಕೋ: ಇದರಲ್ಲಿ ಮುಖ್ಯ ಏನು, ಎಲ್ಲಿಂದ ಬಂದಿದ್ದು, ಹೇಗೆ ತಿನ್ನಬೇಕು. ಮೇಜಿನ ಮುಂದೆ ಹೇಳಬೇಕಾದ್ದೂ ಆ ಮೂರೇ. ಉದಾಹರಣೆಗೆ: 'ಇದು ಅವರೆಕಾಳು. ತೋಟದಿಂದ ಇವತ್ತು ಬೆಳಿಗ್ಗೆ ಬಂದಿದ್ದು. ಕೆಳಗಿನ ಸಾರಿನ ಜೊತೆ ಕಲಸಿ ತಿನ್ನಿ.' ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ಹದಿನೈದು ಪದ ಸಾಕು. ಒಂಬತ್ತು ಐಟಮ್ಮಿಗೆ ಬರೆದುಕೊಂಡು ರೂಮಿನಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡು. ಎದುರಿಗಿರುವವರು ಕನ್ನಡದವರು ಅಂತ ಗೊತ್ತಾದರೆ ಕನ್ನಡದಲ್ಲೇ ಹೇಳು. ಅವರ ಮುಖ ಅರಳುವುದನ್ನು ನೋಡುತ್ತೀಯ.

ತಟ್ಟೆ ಇಟ್ಟ ಮೇಲೆ ಮಾತಾಡು, ಕೈಯಲ್ಲಿ ಹಿಡಿದು ಮಾತಾಡಬೇಡ. ಅವರು ಏನೋ ಮಾತಿನಲ್ಲಿದ್ದರೆ ಅದು ಮುಗಿಯುವವರೆಗೆ ಒಂದು ಉಸಿರು ಕಾಯಿ. ಹೆಬ್ಬೆರಳು ತಟ್ಟೆಯ ಅಂಚಿನ ಒಳಗೆ ಬರಬಾರದು. ಯಾರ ಎದೆಯ ಮುಂದೆಯೂ ಕೈ ಚಾಚಬೇಡ, ಸುತ್ತಿ ಹೋಗು. ಎಡದಿಂದ ಇಡುವುದು, ಬಲದಿಂದ ಎತ್ತುವುದು ಸಾಮಾನ್ಯ ರೂಢಿ. ನಿಮ್ಮಲ್ಲಿ ಬೇರೆ ಇದ್ದರೆ ಅದನ್ನೇ ಕಲಿ. ಗೊತ್ತಿಲ್ಲದ್ದು ಕೇಳಿದರೆ 'ಒಂದು ನಿಮಿಷ, ಶೆಫ್ ಕೇಳಿ ಬರ್ತೀನಿ' ಅನ್ನು. ಅಲರ್ಜಿ ವಿಷಯದಲ್ಲಂತೂ ಊಹೆ ಮಾಡಿ ಹೇಳಲೇಬಾರದು. ತಟ್ಟೆ ವಾಪಸ್ ತರುವಾಗ ಏನು ಉಳಿದಿದೆ ಅಂತ ನೋಡಿ ಒಳಗೆ ಹೇಳು. ಮೂರು ಟೇಬಲ್ಲಿನಲ್ಲಿ ಒಂದೇ ಚೂರು ಉಳಿದಿದ್ದರೆ ಶೆಫ್‌ಗೆ ಅದು ಬೇಕಾದ ಸುದ್ದಿ. ಹಾಗೆ ಹೇಳುವ ಹುಡುಗರನ್ನು ಅಡುಗೆಮನೆ ಬೇಗ ತನ್ನವರನ್ನಾಗಿ ಮಾಡಿಕೊಳ್ಳುತ್ತದೆ.

ಮೊದಲ ಸಂಬಳದಲ್ಲಿ ಜಾರದ ಸೋಲಿನ ಒಳ್ಳೆ ಶೂ ತಗೋ, ಬೇರೆ ಯಾವುದಕ್ಕೂ ಮುಂಚೆ. ಆರೇಳು ಗಂಟೆ ನಿಂತೇ ಇರಬೇಕು.

ಪ್ರಶ್ನೆ: ಆರು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದಾ? ಪ್ರತಿ ತಟ್ಟೆಯ ಫೋಟೋ ತೆಗೆದರೆ ಬೇಸರ ಮಾಡಿಕೊಳ್ತಾರಾ?
— ಜೆ.ಪಿ. ನಗರ, ಮೈಸೂರು

ಉತ್ತರ: ಮಕ್ಕಳಿಗೆ ವಯಸ್ಸಿನ ಮಿತಿ ಕೆಲವು ಕಡೆ ಇದೆ, ಫೋನ್ ಮಾಡಿ ಕೇಳಿ. ಬಿಡುತ್ತಾರೆ ಅಂದರೂ ಆರು ವರ್ಷದವನನ್ನು ಮೂರು ಗಂಟೆ ಕುರ್ಚಿಯಲ್ಲಿ ಕೂರಿಸುವುದು ಅವನಿಗೇ ಶಿಕ್ಷೆ. ಅಜ್ಜಿ ಮನೆಯಲ್ಲಿ ಬಿಟ್ಟು ಹೋಗಿ. ಕರೆದುಕೊಂಡು ಹೋಗಲೇಬೇಕಾದರೆ ಮಧ್ಯಾಹ್ನದ ಚಿಕ್ಕ ಮೆನು ಆರಿಸಿ, ಅವನಿಗೆ ಅನ್ನವೋ ಪಾಸ್ತಾವೋ ಬೇರೆ ಮಾಡಿಕೊಡುತ್ತಾರಾ ಅಂತ ವಿಚಾರಿಸಿ. ಫೋಟೋ ತೆಗೆಯಿರಿ, ಒಂದೇ ಒಂದು, ಫ್ಲ್ಯಾಶ್ ಇಲ್ಲದೆ. ಬಿಸಿ ಐಟಮ್ಮಿಗೆ ತಟ್ಟೆಯನ್ನೂ ಬಿಸಿ ಮಾಡಿ ಕಳಿಸಿರುತ್ತಾರೆ, ಅದು ಆರುವ ಮುಂಚೆ ಮೊದಲ ತುತ್ತು ಬಾಯಿಗೆ ಹೋಗಲಿ.